ಮಾಯಮ್ಮ ನೋಡಿದ ಗ್ರಹಣ

ಇದೇನು ಬೆಳಕು, ಅರಿಶಿನದ ನೀರು ಚೆಲ್ಲಿದ ಹಾಗೆ ತಾರಸಿಯೆಲ್ಲ ಹಳದಿ, ಹೊಟ್ಟೆ ಗುರ್ರೆನ್ನುತ್ತಿದೆ, ಗ್ರಹಣ ಬಿಡುವ ತನಕ ಒಂದು ತೊಟ್ಟು ನೀರೂ ಇಲ್ಲವಂತೆ, ಕೆಳಗೆ ಅತ್ತೆ ಬೆಟ್ಟಮ್ಮ ಉಪ್ಪಿನಕಾಯಿ ಜಾಡಿಗೂ ಗರಿಕೆ ಹಾಕಿ ಕಾವಲು ಕೂತಿದ್ದಾರೆ, ನಾನು ಒಣಗಿದ ಬಟ್ಟೆ ತರುವ ನೆಪ ಹೇಳಿ ಮೇಲೆ ಬಂದರೆ ಪಕ್ಕದ ಮನೆ ಮಾಯಮ್ಮ ಆಗಲೇ ಮೋಟುಗೋಡೆ ದಾಟಿ ನಮ್ಮ ತಾರಸಿಯಲ್ಲಿ ನಿಂತಿದ್ದಾಳೆ, ಮೂಗಿನ ಮೇಲೆ ರಟ್ಟಿನ ಕಪ್ಪು ಕನ್ನಡಕ, ಅವಳ ಮಗ ನಿಂಗರಾಜು ಪಾಂಡವಪುರದಿಂದ ತಂದುಕೊಟ್ಟದ್ದು, ಆ ಅವತಾರ ನೋಡಿ ನಗು ಬರುತ್ತದೆ, ನಗಬಾರದು, ಇವಳು ಆ ಮಗ ಹುಟ್ಟಿದಾಗಿನಿಂದ ಇದಕ್ಕೆ ಕಾದಿದ್ದಾಳೆ — ಅವನು ಹೊಟ್ಟೆಯಲ್ಲಿದ್ದಾಗಲೂ ಹೀಗೆ ದೀಪಾವಳಿಗೇ ಗ್ರಹಣ ಹಿಡಿದಿತ್ತು, ಕತ್ತಲೆ ಕೋಣೆಯಲ್ಲಿ ನಾವಿಬ್ಬರೂ ಒಂದೇ ಕಂಬಳಿಯೊಳಗೆ ಬೆವರುತ್ತಾ ಕೂತಿದ್ದೆವು, ಕಿಟಕಿಯ ಸಂದಿಗೆ ಬಟ್ಟೆ ತುರುಕಿದವಳು ನಾನೇ, ಆದರೂ ಮಗು ಸೀಳುತುಟಿ ಇಟ್ಟುಕೊಂಡು ಹುಟ್ಟಿತು, ಅತ್ತೆ ಚಿನಕುರಳಿ ಊರಿಗೆಲ್ಲ ಸಾರಿದರು, ಕದ್ದು ಗ್ರಾಣ ನೋಡ್ಬುಟ್ಟವ್ಳೆ ಕಣ್ರವ್ವ, ಇಲ್ಲ ಅತ್ತೆ ಜೊತೇಲಿ ನಾನಿದ್ನಲ್ಲ ಎಂದರೆ, ನೀನ್ ಸುಮ್ಕಿರಮ್ಮಿ — ತುಟಿಗೆ ಮೈಸೂರಿನಲ್ಲಿ ಹೊಲಿಗೆ ಹಾಕಿದರು, ಅದರ ಮೇಲೆ ಮೀಸೆ ಬಂತು, ಈಗ ಅವನು ಬಸ್ಸಿನ ಕಂಡಕ್ಟರು, ನಾಗಮಂಗಲ ನಾಗಮಂಗಲ ಎಂದು ಕೂಗಿದರೆ ಮಲಗಿದ್ದ ಎಮ್ಮೆಗಳು ಎದ್ದು ನಿಲ್ಲುತ್ತವೆ, ಅತ್ತೆಯ ಮಾತು ಮಾತ್ರ ಬದಲಾಗಲಿಲ್ಲ. ನೋಡ್ದೆ ನೋಡ್ದೆ ಅಂತಾರಲ್ಲಮ್ಮಿ ಪುಟ್ಟಿ, ಅದೇನ್ ನೋಡ್ದೆ ಅಂತನಾದ್ರೂ ಒಂದ್ಸಲ ನೋಡ್ಬುಡ್ತೀನಿ, ಎಂದು ಬೆಳಿಗ್ಗೆ ಹಾಲು ಕರೆಯುವಾಗ ಮಾಯಮ್ಮ ಹೇಳಿದ್ದಳು, ಈಗ ನೋಡುತ್ತಿದ್ದಾಳೆ, ಏನೇ ಕಾಣ್ತದೆ ಎಂದರೆ ಕತ್ತನ್ನು ಇನ್ನಷ್ಟು ಚಾಚುತ್ತಾಳೆ, ಸೂರ್ಯ ತೆಂಗಿನ ಮರಗಳ ಹಿಂದಕ್ಕೆ ಜಾರುತ್ತಿದ್ದಾನೆ, ನಂಗೂ ಕೊಡು ಮಾಯಿ, ಕನ್ನಡಕ ಕಿತ್ತುಕೊಂಡು ನೋಡಿದೆ — ಅಯ್ಯೋ, ಇಷ್ಟೇನಾ, ಇಲಿ ದೋಸೆಯ ಅಂಚು ಕಡಿದ ಹಾಗೆ ಒಂದು ಚೂರು ಇಲ್ಲ, ಅಷ್ಟೆ. ಇಷ್ಟಕ್ಕೇನಮ್ಮಿ, ಮಾಯಿಯ ದನಿ ನಡುಗುತ್ತಿದೆ, ಇಷ್ಟಕ್ಕೇನಮ್ಮಿ ನನ್ನ ಅಂಗೆ ಆಡ್ಕಂಡಿದ್ದು, ಅಳುತ್ತಾಳೇನೋ ಎಂದು ಕೈ ಹಿಡಿದರೆ ಆ ಕೈಯಲ್ಲಿ ಕೋಡುಬಳೆ, ಸೆರಗಿನ ಗಂಟಿನಿಂದ ಬಿಚ್ಚಿದ್ದು, ನಗುತ್ತಾ ಒಂದನ್ನು ಕೆಳಗೂ ಕೇಳುವಂತೆ ಕಡಿದೇಬಿಟ್ಟಳು, ಇನ್ನೊಂದನ್ನು ನನ್ನ ಬಾಯಿಗೆ ತುರುಕಿದಳು, ಯಾರಮ್ಮಿ ಅದು, ಗ್ರಾಣ ಇಡ್ಕಂಡಿರೋವಾಗ ತಿಂತಿರೋದು, ಕೆಳಗಿನಿಂದ ಅತ್ತೆ, ಮೆಟ್ಟಿಲ ಮೇಲೆ ಅತ್ತೆಯ ಕೋಲಿನ ಸದ್ದು, ಮಾಯಿ ನಗುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಕೋಡುಬಳೆ ಹಲ್ಲಿನ ನಡುವೆ, ಉಗುಳಬಹುದು, ಇನ್ನೂ ಉಗುಳಬಹುದು, ಕೋಲು ಹತ್ತಿರ ಬಂತು, ಕೋಡುಬಳೆ ಹಲ್ಲಿನ ನಡುವೆ, ಅತ್ತೆಯ ತಲೆ ಕಂಡಿತು, ಕಣ್ಣು ಕಂಡವು, ಕೋಡುಬಳೆ — ಕಟುಂ.