ಕೇಶವನ ಗಾಡಿ

ನನ್ನ ಬಾಯಿ ಜೋರು ಅಂತ ಮಾರೇನಹಳ್ಳಿಗೆಲ್ಲ ಗೊತ್ತು. ಅವತ್ತು ಆ ಅಂಗಡಿಯಲ್ಲಿ ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಟ್ಟಿದ್ದರೆ ಸಾಕಿತ್ತು.

ನನ್ನ ತಮ್ಮ ಚನ್ನಕೇಶವ ಸೈನ್ಯದಲ್ಲಿ ಟ್ಯಾಂಕು ಓಡಿಸುತ್ತಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ಹೋದ. ಹೆಣ ಬರಲಿಲ್ಲ, ಅಲ್ಲೇ ಸುಟ್ಟರಂತೆ. ಬಂದದ್ದು ಒಂದು ತಗಡಿನ ಟ್ರಂಕು. ನಮ್ಮಲ್ಲಿ ಪಿತೃಪಕ್ಷಕ್ಕೆ ಸತ್ತವರ ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಬಾಗಿಲು ಹಾಕಿ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗುವವರೆಗೆ ತೆಗೆಯುವಂತಿಲ್ಲ. ಐದು ವರ್ಷವೂ ಬಾಗಿಲು ತೆಗೆದ ಮೇಲೆ ನಮ್ಮವ್ವ ಪಾಪಮ್ಮ ಎಲೆ ನೋಡಿ ಒಂದೇ ಮಾತು ಹೇಳಿದಳು.

"ಅವನು ಬಂದಿಲ್ಲ ಕಣೇ ಶಿವಕ್ಕ. ನಡ್ಕೊಂಡು ಬರೋ ದೂರನಾ ಅದು? ಅವನ ಗಾಡಿ ಇದ್ದಿದ್ರೆ ಬರ್ತಿದ್ದ."

ಆರನೇ ವರ್ಷ ಗಾಡಿ ತಂದೇ ಬಿಡುತ್ತೇನೆ ಎಂದು ಮೆಜೆಸ್ಟಿಕ್ ಹತ್ತಿರದ ಫಾರಿನ್ ಸಾಮಾನಿನ ಅಂಗಡಿಗೆ ಹೋದೆ. ಕೀಲಿ ಕೊಡುವ ಆಟದ ಟ್ಯಾಂಕು ಗೋಡೆಗೆ ಗುದ್ದಿ ನಿಂತಿತು. ವೈರಿನದ್ದು ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಎರಡು ಮಾರು ಹೋಗಿ ಸುಮ್ಮನಾಯಿತು. ಅಷ್ಟು ದೂರದಿಂದ ಬರಬೇಕಾದವನಿಗೆ ಅದು ಯಾತಕ್ಕೆ? ಮೂರನೆಯದು ರೇಡಿಯೋದು. ಕೈಲಿದ್ದ ಡಬ್ಬಿಯ ಗುಂಡಿ ಒತ್ತಿದರೆ ತಂತಿಯೇ ಇಲ್ಲದೆ ಅಂಗಡಿಯ ಆ ತುದಿಗೆ ಹೋಗಿ, ತಿರುಗಿ, ನನ್ನ ಕಾಲ ಬಳಿ ಬಂದು ನಿಂತಿತು. ನನಗೆ ಅಳುವೇ ಬಂತು.

"ಇದ್ರಲ್ಲಿ ಎರಡು ಥರ ಇದೆಯಮ್ಮ. ಯಾವ ದೇಶದ್ದು ಬೇಕು?" ಎಂದ ಅಂಗಡಿಯವನು.

"ಟ್ಯಾಂಕಿಗೂ ಕುಲಗೋತ್ರ ಕೇಳ್ತೀರಲ್ಲ ಸಾರ್. ದೊಡ್ಡದು ಕೊಡಿ," ಎಂದೆ.

ಎಡೆಯ ದಿನ ಅವ್ವ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಫೋಟೋದ ಎದುರು ನಿಲ್ಲಿಸಿದಳು. "ಇದ್ರೊಳಗೇ ಮಲಗ್ತಿದ್ನಾ ನನ್ ಮಗ?" ಎಂದು ನೆತ್ತಿ ಸವರುವ ಹಾಗೆ ಸವರಿದಳು. ನಾನು ಬಾಗಿಲು ಎಳೆಯುತ್ತಿದ್ದಾಗ ಕೆಂಗೇರಿಯಿಂದ ಮುನಿರಾಜು ಊಟಕ್ಕೆ ಬಂದ. ಕೇಶವನ ರೆಜಿಮೆಂಟಿನಲ್ಲೇ ಇದ್ದವನು. ಸಂದಿಯಲ್ಲಿ ಒಳಗೆ ನೋಡಿದ. ನಾನು ಚಿಲಕ ಹಾಕಿದೆ.

ಅವನು ನನ್ನನ್ನು ಅಂಗಳದ ಮೂಲೆಗೆ ಕರೆದ.

"ಅದನ್ಯಾರಕ್ಕ ತಂದಿದ್ದು?"

"ನಾನೇ. ಹೆಂಗಿದೆ?"

"ಏನಿಲ್ಲ, ಬಿಡಕ್ಕ," ಎಂದ. ನಾನು ಬಿಡುವವಳೇ? ಕೆದಕಿ ಕೆದಕಿ ಕೇಳಿದೆ.

"ಅದು ನಮ್ದಲ್ಲ ಅಕ್ಕ," ಎಂದ ಕೊನೆಗೆ. "ಪ್ಯಾಟನ್ನು. ಪಾಕಿಸ್ತಾನದವರ ಹತ್ರ ಇದ್ದಿದ್ದು. ಕೇಶವನ ಟ್ಯಾಂಕಿಗೆ ಹೊಡೆದಿದ್ದು ಅಂಥದ್ದೇ."

ಅಯ್ಯೋ ನನ್ನ ಕೈಗೆ ಹುಳ ಬೀಳ. ಮುಚ್ಚಿದ ಬಾಗಿಲ ಹಿಂದೆ ನನ್ನ ತಮ್ಮ, ಅವನ ಮುಂದೆ ಅವನನ್ನು ಕೊಂದದ್ದು. ಇಬ್ಬರನ್ನೂ ಒಳಗೆ ಕೂಡಿ ಚಿಲಕ ಹಾಕಿದವಳು ನಾನು. ಓಡಿಹೋಗಿ ಚಿಲಕಕ್ಕೆ ಕೈ ಹಾಕಿದೆ.

ಅವ್ವ ಬಾಗಿಲಿಗೆ ಕಿವಿಗೊಟ್ಟು ಕೂತಿದ್ದಳು. ನನ್ನ ಕೈ ಹಿಡಿದುಕೊಂಡಳು. ಅವಳು ನಗುತ್ತಿದ್ದಳು. ಆರು ವರ್ಷದಿಂದ ಆ ಮುಖದಲ್ಲಿ ನಾನು ನಗು ಕಂಡಿರಲಿಲ್ಲ.

"ತೆಗೀಬೇಡ ಕಣೇ," ಎಂದಳು ಪಿಸುಮಾತಿನಲ್ಲಿ. "ಬಂದವ್ನೆ. ಅವನ ಗಾಡೀಲೇ ಬಂದವ್ನೆ. ಹೊಟ್ಟೆ ತುಂಬ ಉಣ್ಲಿ."

ನಾನು ಚಿಲಕ ಬಿಟ್ಟು ಅವಳ ಪಕ್ಕದಲ್ಲಿ ಕೂತೆ.