ಕಡಲ ಮುಂದೆ ಹೊಲದ ಕೂಗು

ನಮ್ಮಪ್ಪ ತೋಟಪ್ಪನಿಗೆ ಹಕ್ಕಿ ಕಂಡರೆ ಆಗುವುದಿಲ್ಲ. ಕಲ್ಯಾಣದುರ್ಗದ ಪಕ್ಕದ ನಮ್ಮೂರಲ್ಲಿ ಕಡಲೆಕಾಯಿ ಬಿತ್ತಿದ ದಿನದಿಂದ ಪೈರು ನಿಲ್ಲುವವರೆಗೆ ಕಾಗೆ ಓಡಿಸುವುದೇ ಕೆಲಸ. ಅಪ್ಪ ಬದುವಿನ ಮೇಲೆ ನಿಂತು ಕೂಗಿದರೆ ಪಕ್ಕದೂರಿನ ಕಾಗೆಗಳೂ ಜಾಗ ಖಾಲಿ ಮಾಡುತ್ತಿದ್ದವು.

ಇಂಥ ಮನುಷ್ಯನನ್ನು ಕಟ್ಟಿಕೊಂಡು ನಾನು ಸಮುದ್ರಕ್ಕೆ ಹೋದದ್ದು ಅಮ್ಮನಿಗಾಗಿ. ಎರಡು ಸಾವಿರದ ನಾಲ್ಕರ ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ನಾನು ಮದುವೆಯಾಗಿ ಸೇರಿದ ಮನೆ ಹಿಂದೂಪುರದಲ್ಲಿ. ಅಮ್ಮನ ಕಣ್ಣನ್ನು ಅಲ್ಲೇ ತೋರಿಸಿದ್ದೆವು. ನರ ಒಣಗುತ್ತಿದೆ, ಉಳಿದ ಬೆಳಕೂ ಹೆಚ್ಚು ದಿನ ಇರಲಾರದು ಎಂದರು ಡಾಕ್ಟರು. ಅಮ್ಮ ಅಳಲಿಲ್ಲ. "ಹಂಗಾರೆ ಒಂದ್ಸಲ ಸಮುದ್ರ ನೋಡ್ಬುಡ್ತೀನಿ ಕಣಮ್ಮ ಹೇಮಾ" ಎಂದಳು, ಅಷ್ಟೇ. ಅಳು ತಡೆಯಲಾರದೆ ಹೋದವಳು ನಾನು.

ಗೋಕರ್ಣದಲ್ಲಿ ಶಿವನಿಗೆ ಕೈಮುಗಿದು, ಆಟೋದವನು ಹೇಳಿದ ಬಂಡೆಗಳ ಕೊಲ್ಲಿಗೆ ಹೋದೆವು. ಎಂಥಾ ಜಾಗ! ಬಂಡೆ ಸಂದಿಯಲ್ಲಿ ಏಡಿಗಳು, ದೂರದ ನೀರಲ್ಲಿ ಮುಳುಗಿ ಏಳುವ ಡಾಲ್ಫಿನ್ನುಗಳು, ಎದುರಿನ ದೊಡ್ಡ ಬಂಡೆಯ ತುಂಬ ಕಡಲ ಹಕ್ಕಿಗಳು. ನಾನು ತೋರಿಸಿದ್ದೇ ತೋರಿಸಿದ್ದು. ಹಿಕ್ಕೆ ಬಿದ್ದು ಬೆಳ್ಳಗಾದ ಬಂಡೆ, ಅದರ ಮೇಲೆ ಬಿಳಿ ಹಕ್ಕಿ. ಅಮ್ಮ ಕಣ್ಣು ಕಿರಿದು ಮಾಡಿ ಸೋತಳು.

"ಸದ್ದು ಕೇಳ್ತೈತೆ, ಕಾಣ್ತಿಲ್ಲ. ಇರ್ಲಿ ಬಿಡು, ಬಂದಿದ್ದೇ ಸಾಕು" ಎಂದಳು.

ಅಷ್ಟರಲ್ಲಿ, ಅಪ್ಪ ಟವೆಲ್ ಮೇಲೆ ಹರಡಿದ್ದ ಹುರಿದ ಕಡಲೆಬೀಜಕ್ಕೆ ಒಂದು ಹಕ್ಕಿ ಬಂದು ಬಾಯಿ ಹಾಕಿತು. ಎಲ್ಲಿದ್ದೇನೆಂಬುದನ್ನೇ ಮರೆತು ಅಪ್ಪ ಎದ್ದು ನಿಂತ.

"ಹೊಯ್ಯೋ ಹೋ!"

ಬಂಡೆಯ ಮೇಲಿದ್ದ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು.

"ಏನಪ್ಪಾ ನೀನು! ಇದೇನು ನಮ್ಮ ಹೊಲನಾ? ಎಲ್ಲಾ ಓಡಿಸ್ಬುಟ್ಟೆಯಲ್ಲ!" ಎಂದು ರೇಗಿದೆ.

ಅಪ್ಪ ನಾಲಿಗೆ ಕಚ್ಚಿಕೊಂಡ. "ಬಾಯಿಗೆ ಬಂದ್ಬುಡ್ತು ಕಣಮ್ಮ..."

"ಸುಮ್ಕಿರೇ" ಎಂದಳು ಅಮ್ಮ. ಮುಖ ಮೇಲೆತ್ತಿದ್ದಳು. ನೀಲಿ ಆಕಾಶದಲ್ಲಿ ಬಿಳಿ ಹಕ್ಕಿಗಳು ಸುತ್ತುತ್ತಿದ್ದವು, ಅವಳ ಬೆರಳು ಅವುಗಳ ಹಿಂದೆಯೇ ಸುತ್ತುತ್ತಿತ್ತು. "ದೇವುಡಾ, ಎಷ್ಟೊಂದವೆ! ಕಾಣ್ತವೆ ಕಣೇ ಹೇಮಾ, ಕಾಣ್ತವೆ!"

ಸ್ವಲ್ಪ ಹೊತ್ತಿಗೆ ಹಕ್ಕಿಗಳು ಬಂಡೆಗಿಳಿದವು. ಅಮ್ಮನ ಪಾಲಿಗೆ ಮತ್ತೆ ಇಲ್ಲವಾದವು. ಅವಳು ಅಪ್ಪನ ತೋಳು ಹಿಡಿದು, "ಏನೂಂದ್ರೆ, ಇನ್ನೊಂದ್ಸಲ ಕೂಗಿ" ಎಂದಳು.

ಅಪ್ಪ ಬಾಯಿ ತೆರೆದ. ಜೀವಮಾನವೆಲ್ಲ ಕೂಗಿದ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಕಣ್ಣೊರೆಸಿಕೊಂಡು ಬಗ್ಗಿದ. ಟವೆಲ್ಲಿನ ಕಡಲೆಬೀಜವನ್ನು ಹಿಡಿ ತುಂಬ ಬಾಚಿ ಮೇಲಕ್ಕೆ ಎಸೆದ. ಹಕ್ಕಿಗಳು ಗುಂಪುಗುಂಪಾಗಿ ಎದ್ದು ನಮ್ಮ ತಲೆಯ ಮೇಲೆಯೇ ಬಂದವು.

ಅಪ್ಪ ಮತ್ತೊಂದು ಹಿಡಿ ಎಸೆದ. ಒಂದು ಬೀಜವನ್ನೂ ಹಕ್ಕಿಗೆ ಬಿಟ್ಟವನಲ್ಲ ಅವನು.

"ಇನ್ನೂ ಹಾಕಿ" ಎಂದಳು ಅಮ್ಮ, ಕತ್ತು ಇಳಿಸದೆ.