ಅಟ್ಟ ಸೇರಿದ ಕ್ಯಾಲಿಪರ್

ಬೆಂಗಳೂರಿನಿಂದ ಮೀನಾಕ್ಷಮ್ಮ ಬರುವ ದಿನ ಹಾಲ್ಕುರಿಕೆಯ ಸಿದ್ದಮ್ಮ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಏಣಿ ಹಾಕಿ ಅಟ್ಟ ಹತ್ತುವುದು. ಅಟ್ಟದ ತುಂಬಾ ಕೊಬ್ಬರಿಯಾಗಲೆಂದು ವರ್ಷವಿಡೀ ಒಣಗಲು ಬಿಟ್ಟ ಕಾಯಿ. ಕಾಯಿಗಳ ಹಿಂದೆ, ಹಳೇ ಪಂಚೆಯಲ್ಲಿ ಸುತ್ತಿಟ್ಟ, ಮಗಳ ಕಾಲಿಗೆ ಕಟ್ಟುವ ಕ್ಯಾಲಿಪರ್. ಎರಡು ಕಬ್ಬಿಣದ ಪಟ್ಟಿ, ತೊಡೆಯ ಬುಡಕ್ಕೆ ಒಂದು ಬಳೆ, ಮಂಡಿಯ ಹತ್ತಿರ ಬೀಗ, ಕೆಳಗೆ ಕರೀ ಬೂಟು. ಇವತ್ತೂ ಅದನ್ನು ಇಳಿಸಿ, ಧೂಳು ಹೊಡೆದು, ಬೂಟಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಮಗಳ ಮುಂದೆ ಇಟ್ಟಳು.

"ಹಾಕ್ಕಳೇ ಪುಟ್ಟಿ. ಇವತ್ತೊಂದಿನ."

ಪುಟ್ಟಗೌರಮ್ಮನಿಗೆ ಇಪ್ಪತ್ತೆರಡು. ಎರಡು ವರ್ಷದ ಕೂಸಾಗಿದ್ದಾಗ ಮೂರು ದಿನ ಜ್ವರ ಬಂದು ಎಡಗಾಲಿನ ಬಲ ಹೋಯಿತು. ಅದಕ್ಕೆ ಪೋಲಿಯೋ ಅಂತ ಹೆಸರಿದೆ ಅನ್ನುವುದೂ ಆಗ ಮನೆಯವರಿಗೆ ಗೊತ್ತಿರಲಿಲ್ಲ. ನಡೆಯುವಾಗ ಎಡಗೈಯನ್ನು ತೊಡೆಯ ಮೇಲೆ ಊರಿ, ಮಂಡಿ ಕುಸಿಯದಂತೆ ಒತ್ತಿ ಹಿಡಿದು ಹೆಜ್ಜೆ ಹಾಕುತ್ತಾಳೆ. ನಡೆದಾಡುವಾಗ ಅವಳಿಗಿರುವುದು ಒಂದೇ ಕೈ. ಕೂತರೆ ಮಾತ್ರ ಎರಡೂ ಅವಳವೇ. ಅಂಗಳದಲ್ಲಿ ಕೂತು ಕೊಬ್ಬರಿ ಬಿಡಿಸುವುದಕ್ಕೆ ಅವಳನ್ನು ಮೀರಿಸುವವರು ಆ ಬೀದಿಯಲ್ಲೇ ಇಲ್ಲ. ಮಚ್ಚಿನಿಂದ ನಾಲ್ಕು ಏಟು, ಚಿಪ್ಪು ಬೇರೆ, ಉಂಡೆ ಬೇರೆ, ಉಂಡೆಗೆ ಒಂದು ಗೀರೂ ಬೀಳದು. ನಡೆಯುವಾಗಲೂ ಎರಡು ಕೈ ಇದ್ದರೆ, ಅನ್ನುವುದೊಂದೇ ಅವಳ ಆಸೆ.

ಹೋದ ವರ್ಷ ಬೆಂಗಳೂರಿನ ಒಂದು ಆಸ್ಪತ್ರೆಯವರು ಪೋಲಿಯೋ ಆದ ನಲವತ್ತು ಜನರನ್ನು ಆರಿಸಿ, ಅಳತೆ ತೆಗೆದು, ಪುಕ್ಕಟೆಯಾಗಿ ಕ್ಯಾಲಿಪರ್ ಕೊಟ್ಟಿದ್ದರು. ಮೂರು ತಿಂಗಳಿಗೊಮ್ಮೆ ಮೀನಾಕ್ಷಮ್ಮ ಬಂದು ಕಾಲಿನ ಬಲ ಅಳೆದು, ದಿನಕ್ಕೆ ಎಷ್ಟು ಗಂಟೆ ಹಾಕುತ್ತಾರೆ ಅಂತ ಬರೆದುಕೊಂಡು ಹೋಗಬೇಕು. ಒಂದು ವರ್ಷದ ಸಂಶೋಧನೆ. ಇವತ್ತಿನದೇ ಕೊನೆಯ ಭೇಟಿ.

"ಅವ್ವಾ, ಈ ಸಲ ನಿಜ ಹೇಳ್ಬುಡ್ತೀನಿ. ಹಾಕ್ಕತಾ ಇಲ್ಲ ಅಂತ."

ಸಿದ್ದಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಆಯಮ್ಮ ಎರಡು ಬಸ್ಸು ಹತ್ತಿಳಿದು ಬತ್ತಾಳೆ. ಮನೆಗ್ ಬಂದೋರ ಮಕಕ್ಕೆ ಹೊಡ್ದಂಗೆ ನಿನ್ ಸಾಮಾನು ಚೆನ್ನಾಗಿಲ್ಲ ಅಂತಾರೇನೇ? ಬೀಗರ ಮನೆ ಸಾರಲ್ಲಿ ಉಪ್ಪಿಲ್ದಿದ್ರೂ ಚೆನ್ನಾಗೈತೆ ಅನ್ನಲ್ವಾ ನಾವು? ಮೇಲಾಗಿ ಇದನ್ನೂ ಕಿತ್ಕಂಡೋದ್ರೆ?"

"ಹೋದ್ರೆ ಹತ್ತು ಕಾಯಿಗೆ ಜಾಗ ಆಯ್ತದೆ ಬುಡು."

"ನಾಲಗೆ ನೋಡು ಇವ್ಳದು! ಕಾಲಿನ ಬಲವೆಲ್ಲ ಅಲ್ಲಿಗೇ ಹೋಗಿ ಸೇರ್ಕಂಡೈತೆ."

ಪುಟ್ಟಗೌರಮ್ಮ ನಕ್ಕಳೇನೋ ಹೌದು, ಒಳಗೆ ಅವಳಿಗೂ ಅಳುಕಿತ್ತು. ಇದೂ ಹೋಗಿ, ಬೇರೆಯದೂ ಬರದಿದ್ದರೆ ಜನ್ಮವಿಡೀ ತೊಡೆಯ ಮೇಲೆ ಕೈ ಊರಿಕೊಂಡೇ ಇರಬೇಕು. ಸುಮ್ಮನೆ ಕ್ಯಾಲಿಪರ್ ಕಟ್ಟಿಕೊಂಡಳು.

ಹನ್ನೊಂದು ಗಂಟೆಗೆ ಮೀನಾಕ್ಷಮ್ಮ ಬಂದರು. ಅವರು ವ್ಯಾಯಾಮ ಚಿಕಿತ್ಸೆ ಕಲಿತವರು. "ನಾನು ಡಾಕ್ಟರ್ ಅಲ್ಲಮ್ಮ" ಎಂದು ಹೇಳಿ ಹೇಳಿ ಸೋತಿದ್ದರೂ ಊರಿಗೆಲ್ಲ ಅವರು ಡಾಕ್ಟ್ರಮ್ಮನೇ. ಮೊದಲು ಪ್ರತಿ ಸಲದ ಹಾಗೆ, "ಮಗನ ಕೂಸಿಗೆ ಪೋಲಿಯೋ ಹನಿ ಹಾಕಿಸಿದ್ರಾ?" ಎಂದು ಸಿದ್ದಮ್ಮನನ್ನು ಕೇಳಿದರು.

"ಮೂರು ಸಲಾನೂ ಹಾಕ್ಸೀವಿ ಕಣ್ರವ್ವ, ತಿಪಟೂರಿಗೇ ಹೋಗಿ."

"ಒಳ್ಳೇದು. ಪುಟ್ಟಗೌರಮ್ಮ, ದಿನಕ್ಕೆ ಎಷ್ಟು ಹೊತ್ತು ಹಾಕ್ಕೋತೀಯ?"

"ಬೆಳಿಗ್ಗೆ ಹಾಕ್ಕಂಡ್ರೆ ಸಂಜೇನೇ ಬಿಚ್ಚಾದು" ಎಂದಳು ಸಿದ್ದಮ್ಮ, ಮಗಳು ಬಾಯಿ ತೆರೆಯುವ ಮೊದಲೇ.

ಎಂಟು ಗಂಟೆ ಎಂದು ಬರೆದುಕೊಂಡ ಮೀನಾಕ್ಷಮ್ಮನ ಮುಖ ಅರಳಿತ್ತು. "ನಿಮಗಿಂತ ಮುಂಚೆ ಮೂವತ್ತೆಂಟು ಜನರನ್ನ ನೋಡಿ ಬಂದೆ. ಎಲ್ಲರದ್ದೂ ಇದೇ ಮಾತು. ಇನ್ನು ಕಿಬ್ಬನಹಳ್ಳಿ ರಂಗಪ್ಪ ಒಬ್ರು. ವರದಿ ಹೋದ ತಕ್ಷಣ ಇದೇ ನಮೂನೇದು ಮುನ್ನೂರು ಮಾಡಿಸ್ತಾರೆ. ಎಲ್ಲಾ ಚಿಕ್ಕ ಮಕ್ಕಳಿಗೆ."

ಮುನ್ನೂರು! ಪುಟ್ಟಗೌರಮ್ಮನ ಕಣ್ಣ ಮುಂದೆ ಮುನ್ನೂರು ಅಟ್ಟಗಳು ಬಂದು ನಿಂತವು.

"ಡಾಕ್ಟ್ರಮ್ಮಾ, ಆ ಎಂಟು ಗಂಟೆ ಹೊಡ್ದಾಕಿ."

"ಲೇ!" ಎಂದಳು ತಾಯಿ.

"ಮೊದಲ್ನೇ ವಾರ ಬುಟ್ರೆ ನಾನಿದ್ನ ಹಾಕ್ಕಂಡಿರೋದು ನಾಲ್ಕೇ ದಿನ. ನೀವು ಬಂದಿರೋದೂ ನಾಲ್ಕೇ ದಿನ."

ಮೀನಾಕ್ಷಮ್ಮ ಪೆನ್ನು ಕೆಳಗಿಟ್ಟರು. ಬಗ್ಗಿ ಅವಳ ಬೂಟನ್ನು ಎತ್ತಿ ತಳ ನೋಡಿದರು. ಅಂಗಡಿಯಿಂದ ತಂದ ಹಾಗೇ ಇತ್ತು. "ಒಂದು ವರ್ಷ ಕಾಲು ಅಳೆದೆ. ಬೂಟು ತಿರುಗಿಸಿ ನೋಡ್ಲಿಲ್ಲವಲ್ಲ ನಾನು" ಎಂದು ತಮಗೆ ತಾವೇ ಹೇಳಿಕೊಂಡು, "ನಡೆಯೋಕೆ ಆಗಲ್ವಾ ಇದರಲ್ಲಿ?" ಎಂದು ಕೇಳಿದರು.

"ನಡಿಯಕ್ಕೆ ಪಸಂದಾಗೈತೆ. ಕೂರಕ್ಕೆ? ನೀವೇ ಕಟ್ಕಂಡು ಕೂತು ನೋಡಿ."

ತಮಾಷೆಗೆ ಅಂದ ಮಾತು. ಆದರೆ ಮೀನಾಕ್ಷಮ್ಮ ಸೀರೆ ಎತ್ತಿಕಟ್ಟಿ, ಅವಳ ಕ್ಯಾಲಿಪರ್ ಬಿಚ್ಚಿಸಿ ತಾವು ಬಿಗಿದುಕೊಂಡು ನಿಜವಾಗಿಯೂ ಕೊಬ್ಬರಿ ರಾಶಿಯ ಮುಂದೆ ನೆಲಕ್ಕೆ ಕೂತರು. ಬೀಗ ಹಾಕಿದ್ದಾಗ ಕಾಲು ಒನಕೆಯ ಹಾಗೆ ಮುಂದಕ್ಕೆ ನೆಟ್ಟಗೆ ನಿಂತು, ಕಾಯಿಗೆ ಕೈಯೇ ಎಟುಕಲಿಲ್ಲ. ಬೀಗ ತೆಗೆದು ಕಾಲು ಮಡಚಿದರೋ ಇಲ್ಲವೋ, ಮೇಲಿನ ಬಳೆ ತೊಡೆಗೆ ಒತ್ತಿ "ಅಯ್ಯಮ್ಮಾ!" ಎಂದು ಪಕ್ಕಕ್ಕೆ ಉರುಳಿದರು. ಅವರ ಜೊತೆ ಹತ್ತು ಕಾಯಿಯೂ ಉರುಳಿದವು. ಅಷ್ಟು ಹೊತ್ತು ನಾಚಿಕೆಯಿಂದ ಕುಗ್ಗಿಹೋಗಿದ್ದ ಸಿದ್ದಮ್ಮ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ತಡೆಯಲಾಗದೆ, ಅವರ ಕಂಕುಳಿಗೆ ಕೈ ಹಾಕಿ ಎತ್ತಿದಳು.

"ಆಸ್ಪತ್ರೇಲಿ ನಾವು ಎಲ್ರನ್ನೂ ಕುರ್ಚಿ ಮೇಲೆ ಕೂರಿಸಿ ನೋಡಿದ್ವಿ" ಎಂದರು ಮೀನಾಕ್ಷಮ್ಮ, ತೊಡೆ ಉಜ್ಜಿಕೊಳ್ಳುತ್ತಾ. "ಇನ್ನೇನು ತೊಂದ್ರೆ? ಹೇಳು."

"ಬೂಟು ಹಾಕ್ಕಂಡು ಅಡಿಗೆ ಮನೆಗೆ ಹೋದ್ರೆ ನಮ್ಮವ್ವ ಬಾಗ್ಲಲ್ಲೇ ನಿಲ್ಲಿಸ್ತಾಳೆ. ಬೂಟು ಬಿಚ್ಬೇಕು ಅಂದ್ರೆ ಇಡೀ ಕಾಲೇ ಬಿಚ್ಬೇಕು."

ಆಸ್ಪತ್ರೆಯ ಪ್ರಶ್ನೆ ಹಾಳೆಯಲ್ಲಿ ಇದಕ್ಕೆಲ್ಲ ಜಾಗವೇ ಇರಲಿಲ್ಲ. ಮೀನಾಕ್ಷಮ್ಮ ಹಾಳೆ ಮಗುಚಿ ಹಿಂದೆ ಬರೆಯತೊಡಗಿದರು.

"ಕಿತ್ಕಂಡೋಗ್ತೀರಾ ಈಗ ಇದನ್ನ?" ಎಂದು ಸಿದ್ದಮ್ಮ ಮೆಲ್ಲಗೆ ಕೇಳಿದಳು.

"ಇಲ್ಲಮ್ಮ. ಆದ್ರೆ ಬೇರೇದು ಕೊಡಿಸ್ತೀನಿ ಅಂತಾನೂ ಮಾತು ಕೊಡಲಾರೆ. ದೊಡ್ಡ ಡಾಕ್ಟರು ಒಪ್ಪಬೇಕು. ಮೂವತ್ತೆಂಟು ಜನ ಚೆನ್ನಾಗಿದೆ ಅಂದಿರೋವಾಗ ಇವಳೊಬ್ಬಳ ಮಾತು ಯಾರು ಕೇಳ್ತಾರೆ?"

"ಅವ್ರು ಹೇಳಿದ್ದು ನಿಮ್ ಹತ್ರ. ನನ್ ಹತ್ರ ಹೇಳ್ಲಿ ನೋಡಾನ" ಎಂದು ಪುಟ್ಟಗೌರಮ್ಮ ಎದ್ದು, ಕ್ಯಾಲಿಪರ್ ಮತ್ತೆ ಕಟ್ಟಿಕೊಂಡು, ಅವರ ಜೊತೆಯಲ್ಲೇ ಬಸ್ಸು ಹತ್ತಿದಳು.

ಕಿಬ್ಬನಹಳ್ಳಿಯ ಕೈಮರದ ಹತ್ತಿರ ರಂಗಪ್ಪನದು ಬೀಡಿ, ಸೋಡಾ ಅಂಗಡಿ. ಮೀನಾಕ್ಷಮ್ಮನನ್ನು ಕಂಡದ್ದೇ ಸ್ಟೂಲಿನ ಮೇಲಿಂದ ಕೈಮುಗಿದು, "ಬರ್ಬೇಕು ಡಾಕ್ಟ್ರಮ್ಮ! ಫಸ್ಟ್ ಕ್ಲಾಸಾಗೈತೆ ಕಾಲು, ಬರ್ಕಳಿ!" ಎಂದ.

"ರಂಗಪ್ಪಣ್ಣ, ಬೆಳಿಗ್ಗೆ ಚೊಂಬು ತಗಂಡು ಬಯಲಿಗೆ ಹೋದಾಗ ಈ ಕಬ್ಬಿಣ ಏನ್ ಮಾಡ್ತೀಯ?" ಎಂದು ಕೇಳಿದಳು ಪುಟ್ಟಗೌರಮ್ಮ.

"ಥೂ, ಹೆಣ್ಮಕ್ಳು ಕೇಳೋ ಮಾತೇನಮ್ಮ ಇದು!" ರಂಗಪ್ಪ ಆ ಕಡೆ ಈ ಕಡೆ ನೋಡಿದ. ಆಮೇಲೆ ಅವಳ ಕಾಲಲ್ಲೂ ಅದೇ ಕಬ್ಬಿಣ ಕಂಡು ದನಿ ತಗ್ಗಿಸಿದ. "ಏನ್ ಮಾಡಾದು? ಬಿಚ್ಚಿ ಬೇಲಿಗೆ ನೇತಾಕ್ತಿದ್ದೆ. ಮೊನ್ನೆ ಬಂದು ನೋಡ್ತೀನಿ, ಓತಿಕ್ಯಾತ ಹತ್ಕಂಡು ಕೂತೈತೆ. ಅವತ್ತಿಂದ ಅಂಗಡಿ ಬುಟ್ರೆ ಇನ್ನೆಲ್ಲೂ ಹಾಕ್ಕಳಲ್ಲ ಕಣಮ್ಮ. ಡಾಕ್ಟ್ರಮ್ಮಂಗೆ ಹೇಳ್ಬ್ಯಾಡ, ಬೇಜಾರ್ ಮಾಡ್ಕತಾರೆ."

ಬೇಕೆಂದೇ ಎರಡು ಮಾರು ದೂರ ಸರಿದು ನಿಂತಿದ್ದ ಮೀನಾಕ್ಷಮ್ಮ ಓತಿಕ್ಯಾತನನ್ನೂ ಬಿಡದೆ ಬರೆದುಕೊಂಡರು.

ಮುಂದಿನ ತಿಂಗಳಿಡೀ ಇಬ್ಬರೂ ಸೇರಿ ಉಳಿದವರ ಮನೆಗಳನ್ನು ಇನ್ನೊಂದು ಸುತ್ತು ಹಾಕಿದರು. ಪ್ರಶ್ನೆ ಪುಟ್ಟಗೌರಮ್ಮನದು, ಬರವಣಿಗೆ ಮೀನಾಕ್ಷಮ್ಮನದು. ಮೂವತ್ತೆಂಟರಲ್ಲಿ ಇಪ್ಪತ್ತೊಂಬತ್ತು ಜನ ಮಾತು ಬದಲಾಯಿಸಿದರು. ದೊಡ್ಡ ಡಾಕ್ಟರು ವರದಿ ಓದಿ ಮೊದಲು ರೇಗಿದರಂತೆ. ಮೀನಾಕ್ಷಮ್ಮ ಅವರಿಗೂ ಒಂದು ಕ್ಯಾಲಿಪರ್ ಕೊಟ್ಟು, ನೆಲದ ಮೇಲೆ ಕೂತು ನೋಡಿ ಅಂದರಂತೆ. ಮುನ್ನೂರರ ಮಾತು ಅಲ್ಲಿಗೇ ನಿಂತಿತು.

ಆರು ತಿಂಗಳ ಮೇಲೆ ಹೊಸದು ಬಂತು. ತೊಡೆಗೆ ಒತ್ತುತ್ತಿದ್ದ ಬಳೆ ತೆಗೆದು ಮೆತ್ತನೆ ಚರ್ಮ ಹಾಕಿದ್ದರು. ಬೂಟಿನ ಬದಲು ಕಳಚಿಡುವ ಚಪ್ಪಲಿ. ಪುಟ್ಟಗೌರಮ್ಮ ನೆಲಕ್ಕೆ ಕೂತು ಒಂದು ಕಾಯಿ ಒಡೆದು, ಉಂಡೆ ತೆಗೆದು, ಗೋಡೆ ಹಿಡಿದು ಎದ್ದಳು.

"ಹೇಳು" ಎಂದರು ಮೀನಾಕ್ಷಮ್ಮ, ಹಾಳೆ ತೆರೆದು.

"ಬೀಗ ಬಿಗಿ. ಏಳುವಾಗ ಕೈಗೆ ಸಿಗಲ್ಲ. ಚಪ್ಪಲಿ ಕೆಸರಲ್ಲಿ ನಿಲ್ಲೋ ಹಂಗ್ ಕಾಣಲ್ಲ, ಬರ್ಕಳಿ."

"ಬರ್ಕೊಂಡೆ. ಇನ್ನೇನು?"

"ತಡೀರಿ, ತೋಟಕ್ಕೆ ಹೋಗ್ಬಂದು ಹೇಳ್ತೀನಿ" ಎಂದು ಬುಟ್ಟಿಯನ್ನು ಎರಡು ಕೈಯಲ್ಲೂ ಎತ್ತಿಕೊಂಡು ಹೊರಟಳು.

ಸಿದ್ದಮ್ಮ ಕಾಫಿ ಕಾಯಿಸಿದಳು, ಇಬ್ಬರೂ ಕುಡಿದರು. ಮಗಳು ಬರಲಿಲ್ಲ. ಕೂಗಲಾ ಎಂದು ಸಿದ್ದಮ್ಮ ಎದ್ದಾಗ ಮೀನಾಕ್ಷಮ್ಮ ಅವಳ ಸೆರಗು ಹಿಡಿದು ಕೂರಿಸಿದರು.

"ಓಡಾಡ್ಲಿ ಬಿಡಿ. ನನಗೆ ಬಸ್ಸಿರೋದು ಐದಕ್ಕೆ."